ಟ್ಯಾಕ್ಸ್ ಇಳಿಯಿತು, ಅಮ್ಮನ ಇನ್ಶೂರೆನ್ಸ್ ಹೋಯಿತು. ನಿಮ್ಮ ಮನೆಯಲ್ಲೂ ಹೀಗೇ ಆಗಿದೆಯಾ?

ತಿಪಟೂರು_ತೆಂಗು (ಎಡಿಸನ್, ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ಹೋದ ಮೇಲೆ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡೆ. ಗ್ರೀನ್ ಕಾರ್ಡ್ ಬಂದು ಮೂರು ವರ್ಷ ಆಯಿತು. ಅಮ್ಮನಿಗೆ 67. ಬಿಪಿ ಇದೆ, ಶುಗರ್ ಇದೆ. ಮೆಡಿಕೇಡ್ (ಬಡವರಿಗೆ ಸರ್ಕಾರ ಕೊಡುವ ಇನ್ಶೂರೆನ್ಸ್) ಬೇಕಂದರೆ ಐದು ವರ್ಷ ಕಾಯಬೇಕು. 65 ದಾಟಿದವರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ ಕೊಂಡುಕೊಳ್ಳುವುದಕ್ಕೂ ಅಷ್ಟೇ. ಇಷ್ಟು ದಿನ, ಖಾಸಗಿ ಇನ್ಶೂರೆನ್ಸ್ ಕೊಳ್ಳುವ ಸರ್ಕಾರಿ ಸಂತೆ ಇದೆಯಲ್ಲ, ಆ ಒಬಾಮಾಕೇರ್ ಮಾರ್ಕೆಟ್‌ಪ್ಲೇಸ್‌ನಲ್ಲಿ ಸಬ್ಸಿಡಿ ಸಿಕ್ಕಿ ಪ್ರೀಮಿಯಂ ಹೆಚ್ಚುಕಡಿಮೆ ಸೊನ್ನೆ ಇತ್ತು. ಈಗ ಕಾಗದ ಬಂದಿದೆ. 2026ರ ಜನವರಿಯಿಂದ ಸಬ್ಸಿಡಿ ಇಲ್ಲ, ಪೂರ್ತಿ ದರ ಕಟ್ಟಿ ಅಂತ. ತಿಂಗಳಿಗೆ 1,140 ಡಾಲರ್.

ಅದೇ ವಾರ ನಮ್ಮ ಯಜಮಾನರು ಲ್ಯಾಪ್‌ಟಾಪ್ ಮುಂದೆ ಕೂತು ಟ್ಯಾಕ್ಸ್ ಲೆಕ್ಕ ಹಾಕಿದರು. "ನೋಡೇ, ಈ ಸಲ ನಾಲ್ಕು ಸಾವಿರ ಉಳಿಯುತ್ತೆ" ಅಂತ ಒಂದೇ ಖುಷಿ. ಆಮೇಲೆ ಗೊತ್ತಾಯಿತು, ಎರಡೂ ಒಂದೇ ಕಾನೂನಿನಿಂದ ಬಂದದ್ದು. 2025ರ ಜುಲೈ 4ಕ್ಕೆ ಟ್ರಂಪ್ ಸಹಿ ಹಾಕಿದರಲ್ಲ, ಆ ದೊಡ್ಡ ಬಿಲ್ಲು.

ಇದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡ ಅಮ್ಮ ಈಗ "ನಾನು ಊರಿಗೆ ಹೋಗ್ತೀನಿ, ನಿಮಗ್ಯಾಕೆ ಖರ್ಚು" ಅಂತ ದಿನಾ ಹೇಳುತ್ತಿದ್ದಾರೆ. ನಿಮ್ಮಲ್ಲಿ ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ? ಇನ್ನೊಂದು ಮಾತು, ಜಗಳ ಆದರೂ ಪರವಾಗಿಲ್ಲ, ಕೇಳಿಯೇ ಬಿಡುತ್ತೇನೆ: ಬಡವರ ಆಸ್ಪತ್ರೆ ದುಡ್ಡು ಕಡಿದು ನಮ್ಮಂಥವರಿಗೆ ಟ್ಯಾಕ್ಸ್ ಇಳಿಸುವುದು ಸರಿಯಾ?

ಡಲ್ಲಾಸ್_ದತ್ತ

1,140 ತಿಂಗಳಿಗಾ? ನಾನು ವರ್ಷಕ್ಕೆ ಅಂದುಕೊಂಡೆ.

ಗೋಳಿಬಜೆ

ವರ್ಷಕ್ಕೆ ಆಗಿದ್ದರೆ ಇಲ್ಲಿ ಬಂದು ಯಾಕೆ ಬರೆಯುತ್ತಿದ್ದರು ಮಾರಾಯ್ರೆ.

ಲೆಕ್ಕದ_ಮೇಷ್ಟ್ರು

ಮೇಡಂ, ಟ್ಯಾಕ್ಸ್ ಫೈಲ್ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಅದಕ್ಕೇ ಕೇಳುತ್ತೇನೆ. ನಾಲ್ಕು ಸಾವಿರ ಹೇಗೆ ಬಂತು? ಪ್ರಾಪರ್ಟಿ ಟ್ಯಾಕ್ಸ್, ಸ್ಟೇಟ್ ಟ್ಯಾಕ್ಸ್ ಎಷ್ಟು, ಮನೆ ಸಾಲದ ಬಡ್ಡಿ ಎಷ್ಟು ಹೇಳಿ. ಅಮ್ಮನನ್ನು ನಿಮ್ಮ ರಿಟರ್ನ್‌ನಲ್ಲಿ ಡಿಪೆಂಡೆಂಟ್ ಅಂತ ತೋರಿಸಿದ್ದೀರಾ?

ತಿಪಟೂರು_ತೆಂಗು

ಪ್ರಾಪರ್ಟಿ ಟ್ಯಾಕ್ಸ್ 14 ಸಾವಿರ, ಸ್ಟೇಟ್ 12 ಸಾವಿರ. ಬಡ್ಡಿ 14 ಸಾವಿರದ ಹತ್ತಿರ. ಇಬ್ಬರದೂ ಸೇರಿ ಆದಾಯ ಎರಡೂವರೆ ಲಕ್ಷ. ಅಮ್ಮನನ್ನು ತೋರಿಸಿಲ್ಲ, ಅವರದೇ ಬೇರೆ ಫೈಲ್ ಮಾಡುತ್ತೇವೆ.

ಲೆಕ್ಕದ_ಮೇಷ್ಟ್ರು

ಸರಿ. ಮೊದಲು ಕೇಂದ್ರದ ಟ್ಯಾಕ್ಸ್ ಲೆಕ್ಕದಲ್ಲಿ ಸ್ಟೇಟ್ ಮತ್ತು ಲೋಕಲ್ ಟ್ಯಾಕ್ಸ್ ಕಳೆಯಲು 10 ಸಾವಿರದ ಮಿತಿ ಇತ್ತು. ಬಡ್ಡಿ ಸೇರಿಸಿದರೆ 24 ಸಾವಿರ. ಅದಕ್ಕಿಂತ ಸ್ಟ್ಯಾಂಡರ್ಡ್ ಡಿಡಕ್ಷನ್ನೇ ಜಾಸ್ತಿ, ಗಂಡ ಹೆಂಡತಿ ಇಬ್ಬರಿಗೆ 30 ಸಾವಿರ. ಅದನ್ನೇ ತೆಗೆದುಕೊಳ್ಳುತ್ತಿದ್ದಿರಿ. 2025ರ ಆದಾಯಕ್ಕೆ ಆ ಮಿತಿ 40 ಸಾವಿರಕ್ಕೆ ಏರಿತು. ನಿಮ್ಮ 26 ಸಾವಿರವೂ ಲೆಕ್ಕಕ್ಕೆ ಬರುತ್ತೆ, ಬಡ್ಡಿ ಸೇರಿ 40. ವ್ಯತ್ಯಾಸ 10 ಸಾವಿರ. ನಿಮ್ಮ ಸ್ಲ್ಯಾಬ್ 24%. ಉಳಿದದ್ದು 2,400 ಡಾಲರ್, ನಾಲ್ಕು ಸಾವಿರ ಅಲ್ಲ. ಯಜಮಾನರು 16ನ್ನು 24%ರಿಂದ ಗುಣಿಸಿಬಿಟ್ಟಿದ್ದಾರೆ ಅಂತ ಕಾಣುತ್ತೆ.

ಅಮ್ಮನದು 1,140 ಗುಣಿಸು 12, ಅಂದರೆ 13,680.

ಡಲ್ಲಾಸ್_ದತ್ತ

ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು.

ತಿಪಟೂರು_ತೆಂಗು

ಯಜಮಾನರಿಗೆ ತೋರಿಸಿದೆ. ಈಗ ಮಾತಿಲ್ಲ 😄

ಲೆಕ್ಕದ_ಮೇಷ್ಟ್ರು

ಅವರು ಪೂರ್ತಿ ತಪ್ಪು ಅಂತಲೂ ಅಲ್ಲ. 2017ರ ಟ್ಯಾಕ್ಸ್ ಕಡಿತ 2025ರ ಕೊನೆಗೆ ಮುಗಿಯಬೇಕಿತ್ತು. ಮುಗಿದಿದ್ದರೆ ನಿಮ್ಮ 24% 2026ರಲ್ಲಿ 28% ಆಗುತ್ತಿತ್ತು. ಹೊಸ ಬಿಲ್ಲು ಅದನ್ನು ಕಾಯಂ ಮಾಡಿತು. ಆ ಲೆಕ್ಕ ಹಿಡಿದರೆ ನಿಮಗೆ ಉಳಿದದ್ದು ಜಾಸ್ತಿ. ಆದರೆ ಜನರಿಗೆ ಬರದೇ ಇದ್ದ ಏರಿಕೆ ಕಣ್ಣಿಗೆ ಕಾಣುವುದಿಲ್ಲ. ಬಂದ ಪ್ರೀಮಿಯಂ ಕಾಣುತ್ತೆ.

ಖಡಕ್_ರೊಟ್ಟಿ (ಹ್ಯೂಸ್ಟನ್)

ಸಿಟ್ಟಾಗಬ್ಯಾಡ್ರಿ ಅಕ್ಕಾವ್ರೆ, ಒಂದು ಮಾತು ನೇರವಾಗಿ ಹೇಳುತ್ತೇನೆ. ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ದುಡಿಯುವ ಮನೆ ನಿಮ್ಮದು. ಅಮ್ಮನಿಗೆ ಆದಾಯ ಸೊನ್ನೆ ಅಂತ ಬೇರೆ ತೋರಿಸಿ ಸಬ್ಸಿಡಿ ತೆಗೆದುಕೊಂಡಿರಿ. ಕಾನೂನು ಒಪ್ಪುತ್ತಿತ್ತು, ತಪ್ಪು ಅನ್ನುವುದಿಲ್ಲ. ಆದರೆ ಅಮ್ಮನನ್ನು ಕರೆಸುವಾಗ ಐ-864 ಫಾರಂಗೆ ಸಹಿ ಮಾಡಿದ್ದೀರಲ್ಲ? "ಇವರನ್ನು ನಾನು ನೋಡಿಕೊಳ್ಳುತ್ತೇನೆ" ಅಂತ? ಆ ಸಬ್ಸಿಡಿ ಯಾರ ದುಡ್ಡು? ನನ್ನ ಪಕ್ಕದ ಮನೆಯ ಪ್ಲಂಬರ್ ಕಟ್ಟಿದ ಟ್ಯಾಕ್ಸ್. ಅವನ ಅಮ್ಮನಿಗೆ ಯಾರು ಕೊಡುತ್ತಾರೆ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ತಿಪಟೂರು_ತೆಂಗು

ಸಿಟ್ಟಿಲ್ಲ. ರಾತ್ರಿ ಮಲಗಿದಾಗ ನನಗೂ ಇದೇ ಯೋಚನೆ ಬಂದಿತ್ತು. ನಾವು ಕಟ್ಟಬಲ್ಲೆವು. ಕಷ್ಟ ಆಗುತ್ತೆ, ಆದರೆ ಕಟ್ಟಬಲ್ಲೆವು. ಆದರೆ ನನ್ನ ಗೆಳತಿಯೊಬ್ಬಳು ಇಂಡಿಯನ್ ಗ್ರೋಸರಿ ಅಂಗಡಿಯಲ್ಲಿ ಕೌಂಟರ್‌ನಲ್ಲಿ ನಿಲ್ಲುತ್ತಾಳೆ, ಗಂಡ ಟ್ಯಾಕ್ಸಿ ಓಡಿಸುತ್ತಾನೆ. ಅವಳ ಅತ್ತೆಗೂ ಇದೇ ಕಾಗದ ಬಂದಿದೆ. ಅವರಿಗೆ ಟ್ಯಾಕ್ಸ್‌ನಲ್ಲಿ ನಮ್ಮಷ್ಟು ಉಳಿದಿಲ್ಲ.

ಬೇ_ಏರಿಯಾ_ಭಟ್ರು

ಖಡಕ್ ಅಣ್ಣ, ಐ-864 ಬಗ್ಗೆ ಒಂದು ತಿದ್ದುಪಡಿ. ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಆ ಫಾರಂನ ಲೆಕ್ಕಕ್ಕೆ ಬರುವುದಿಲ್ಲ. ಆದರೆ ನೀವು ಹೇಳಿದ ನಾಚಿಕೆಯ ಮಾತಿದೆಯಲ್ಲ, ಅದು ಸತ್ಯ. ಇಲ್ಲಿ ನಮ್ಮ ಜನ ಮೆಡಿ-ಕ್ಯಾಲ್ (ಕ್ಯಾಲಿಫೋರ್ನಿಯಾದ ಮೆಡಿಕೇಡ್) ತೆಗೆದುಕೊಳ್ಳುವುದು ಎಲ್ಲರಿಗೂ ಗೊತ್ತು. ಮಗ ದೊಡ್ಡ ಕಂಪನಿಯಲ್ಲಿ ಡೈರೆಕ್ಟರ್, ಅಪ್ಪ ಅಮ್ಮ ಮೆಡಿ-ಕ್ಯಾಲ್. ದೇವಸ್ಥಾನದ ಊಟದ ಸಾಲಿನಲ್ಲಿ ನಿಂತರೆ ಯಾವ ಫಾರಂ ಹೇಗೆ ತುಂಬಬೇಕು ಅಂತ ಪೂರ್ತಿ ಟ್ಯೂಷನ್ ಸಿಗುತ್ತೆ.

ಅಂದಹಾಗೆ 2026ರ ಜನವರಿಯಿಂದ ಕ್ಯಾಲಿಫೋರ್ನಿಯಾ ಮೆಡಿ-ಕ್ಯಾಲ್ ಪಡೆಯುವ 65 ದಾಟಿದವರಿಗೆ ಆಸ್ತಿ ಮಿತಿ ವಾಪಸ್ ತಂದಿದೆ, ಒಬ್ಬರಿಗೆ 1,30,000 ಡಾಲರ್. ಎರಡು ವರ್ಷ ಆ ಮಿತಿಯೇ ಇರಲಿಲ್ಲ.

ಡಲ್ಲಾಸ್_ದತ್ತ

ಹಾಸನದ ಸೈಟು ಲೆಕ್ಕಕ್ಕೆ ಬರುತ್ತಾ ಭಟ್ರೆ? ಫ್ರೆಂಡ್ ಕೇಳ್ತಿದ್ದಾನೆ.

ಬೇ_ಏರಿಯಾ_ಭಟ್ರು

ಫ್ರೆಂಡ್‌ಗೆ ಕೌಂಟಿ ಆಫೀಸಿನಲ್ಲಿ ಕೇಳಲು ಹೇಳಿ. ಹೆಸರು ನಾನು ಹೇಳಿದೆ ಅನ್ನಬೇಡಿ.

ಖಡಕ್_ರೊಟ್ಟಿ

ನೋಡಿದಿರಾ? ಭಟ್ರೇ ಒಪ್ಪಿಕೊಂಡರು. ಇನ್ನೊಂದು ಮಾತು. ಎಲ್ಲರೂ "ಕಡಿತ, ಕಡಿತ" ಅಂತ ಬಾಯಿ ಬಡಿದುಕೊಳ್ಳುತ್ತಿದ್ದಾರೆ. ಮೆಡಿಕೇಡ್ ಖರ್ಚು ಮುಂದೆಯೂ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇರುತ್ತೆ. ಏರಬೇಕಿದ್ದಷ್ಟು ಏರುವುದಿಲ್ಲ, ಅಷ್ಟೇ. ಸಂಬಳ 10% ಏರಬೇಕಿತ್ತು, 5% ಏರಿತು ಅಂದರೆ ಅದನ್ನು ಸಂಬಳ ಕಡಿತ ಅನ್ನುತ್ತೀರಾ? ಮೆಡಿಕೇಡ್ ಬೇಕಾದರೆ ಗಟ್ಟಿಮುಟ್ಟಾಗಿರುವವರು ತಿಂಗಳಿಗೆ 80 ಗಂಟೆ ಕೆಲಸ ಮಾಡಿ ಅಂತ ಬಿಲ್ಲು ಅಂದರೆ ತಪ್ಪೇನು? ವಾರಕ್ಕೆ 20 ಗಂಟೆ. ನಮ್ಮಪ್ಪ ಹೊಲದಲ್ಲಿ ಎರಡು ದಿನಕ್ಕೆ ಅಷ್ಟು ದುಡಿಯುತ್ತಿದ್ದ.

ನಾರ್ತ್_ಕ್ಯಾರೊಲೈನಾ_ನರ್ಸಮ್ಮ

ಖಡಕ್ ರೊಟ್ಟಿಯವರೇ, ಸಂಬಳ 5% ಏರಿ ಬಾಡಿಗೆ 10% ಏರಿದರೆ ಏನನ್ನುತ್ತೀರಿ? ಆಸ್ಪತ್ರೆಯಲ್ಲಿ ಎಲ್ಲದರ ಬೆಲೆ ಏರುತ್ತಿದೆ. ವಯಸ್ಸಾದವರೂ ಜಾಸ್ತಿ ಆಗುತ್ತಿದ್ದಾರೆ. ಆ ವೇಗಕ್ಕೆ ದುಡ್ಡು ಏರದಿದ್ದರೆ ಯಾರದೋ ಹೆಸರು ಪಟ್ಟಿಯಿಂದ ಹೋಗಲೇಬೇಕು.

ನಾನು ಕೆಲಸ ಮಾಡುವುದು 25 ಹಾಸಿಗೆಯ ಹಳ್ಳಿ ಆಸ್ಪತ್ರೆಯಲ್ಲಿ. ನಮ್ಮ ರಾಜ್ಯ 2023ರ ಡಿಸೆಂಬರ್ 1ರಿಂದ ಮೆಡಿಕೇಡ್ ವಿಸ್ತರಣೆ ಮಾಡಿತು, ಅಂದರೆ ಕಡಿಮೆ ಸಂಬಳಕ್ಕೆ ದುಡಿಯುವ ಇನ್ನಷ್ಟು ಜನರನ್ನು ಸೇರಿಸಿಕೊಂಡಿತು. ಆಮೇಲೆ ಬಂದವರನ್ನು ನೀವು ನೋಡಬೇಕಿತ್ತು. ಕೋಳಿ ಫ್ಯಾಕ್ಟರಿಯಲ್ಲಿ ದುಡಿಯುವವರು, ಹೋಟೆಲ್‌ನಲ್ಲಿ ತಟ್ಟೆ ತೊಳೆಯುವವರು. 55 ವಯಸ್ಸಿನವರೊಬ್ಬರು ಮೊದಲ ಸಲ ಶುಗರ್ ಟೆಸ್ಟ್ ಮಾಡಿಸಿಕೊಂಡರು. ಕಾಲಿನ ಗಾಯ ಆರು ತಿಂಗಳಿಂದ ಮಾಗಿರಲಿಲ್ಲ. ಸೋಮಾರಿಗಳಲ್ಲ ಇವರು. ದುಡಿಯುವ ಕಡೆ ಇನ್ಶೂರೆನ್ಸ್ ಕೊಡುವುದಿಲ್ಲ, ಅಷ್ಟೇ.

ನಮ್ಮ ರಾಜ್ಯದ ಕಾನೂನಿನಲ್ಲಿ ಒಂದು ಷರತ್ತಿದೆ. ವಿಸ್ತರಣೆಯ ಖರ್ಚಿನಲ್ಲಿ ಕೇಂದ್ರ 90%ಗಿಂತ ಕಡಿಮೆ ಕೊಟ್ಟ ದಿನ ವಿಸ್ತರಣೆಯೇ ಮುಗಿಯುತ್ತೆ. ಈ ಬಿಲ್ಲು 90ನ್ನು ಮುಟ್ಟಲಿಲ್ಲ, ಅದೊಂದು ಪುಣ್ಯ. ಆದರೆ ಬೇರೆ ದಾರಿಯಲ್ಲಿ ಕೈ ಹಾಕಿದೆ, ಪ್ರೊವೈಡರ್ ಟ್ಯಾಕ್ಸ್ ಮೇಲೆ. ನಮ್ಮ ಸೆನೆಟರ್ ಟಾಮ್ ಟಿಲ್ಲಿಸ್ ರಿಪಬ್ಲಿಕನ್ ಆಗಿಯೂ ಬಿಲ್ಲಿಗೆ ವಿರುದ್ಧ ಮತ ಹಾಕಿದರು. ಇನ್ನು ಚುನಾವಣೆಗೆ ನಿಲ್ಲುವುದಿಲ್ಲ ಅಂತಲೂ ಅದೇ ವಾರ ಹೇಳಿಬಿಟ್ಟರು.

ಡಲ್ಲಾಸ್_ದತ್ತ

ಪ್ರೊವೈಡರ್ ಟ್ಯಾಕ್ಸ್ ಅಂದರೆ ಏನು? ಆಸ್ಪತ್ರೆ ಮೇಲೆ ಟ್ಯಾಕ್ಸ್ ಕಡಿಮೆ ಮಾಡಿದರೆ ಆಸ್ಪತ್ರೆಗೆ ಒಳ್ಳೆಯದೇ ಅಲ್ವಾ?

ನಾರ್ತ್_ಕ್ಯಾರೊಲೈನಾ_ನರ್ಸಮ್ಮ

ಎಲ್ಲರೂ ಇಲ್ಲೇ ಎಡವುವುದು. ಹೀಗೆ ನೋಡಿ. ಮೆಡಿಕೇಡ್ ಖರ್ಚನ್ನು ರಾಜ್ಯ ಮತ್ತು ಕೇಂದ್ರ ಹಂಚಿಕೊಳ್ಳುತ್ತವೆ. ರಾಜ್ಯ ಒಂದು ಪಾಲು ಹಾಕಿದರೆ ಕೇಂದ್ರ ಅದಕ್ಕೆ ತನ್ನ ಪಾಲು ಸೇರಿಸುತ್ತೆ. ರಾಜ್ಯದ ಹತ್ತಿರ ಆ ಪಾಲಿಗೂ ದುಡ್ಡಿಲ್ಲ. ಆಗ ಏನು ಮಾಡುತ್ತೆ? ಆಸ್ಪತ್ರೆಯಿಂದಲೇ 100 ಡಾಲರ್ ಟ್ಯಾಕ್ಸ್ ಎತ್ತುತ್ತೆ. ಅದನ್ನು ತನ್ನ ಪಾಲು ಅಂತ ತೋರಿಸಿ ಕೇಂದ್ರದಿಂದ ಇನ್ನೂ 100 ಅಥವಾ ಅದಕ್ಕಿಂತ ಜಾಸ್ತಿ ತರುತ್ತೆ. ಎರಡನ್ನೂ ಸೇರಿಸಿ ಆಸ್ಪತ್ರೆಗಳಿಗೇ ಕೊಡುತ್ತೆ. ಆಸ್ಪತ್ರೆ 100 ಕೊಟ್ಟು 200 ಪಡೆಯಿತು.

ಈ ಟ್ಯಾಕ್ಸ್‌ಗೆ ಈಗಿನ ಮಿತಿ 6%. ವಿಸ್ತರಣೆ ಮಾಡಿದ ರಾಜ್ಯಗಳಲ್ಲಿ ಅದು 2028ರಿಂದ ವರ್ಷಕ್ಕೆ ಅರ್ಧರ್ಧ ಪಾಯಿಂಟ್ ಇಳಿದು 2032ಕ್ಕೆ 3.5% ಆಗುತ್ತೆ. ವೃದ್ಧರನ್ನು ನೋಡಿಕೊಳ್ಳುವ ನರ್ಸಿಂಗ್ ಹೋಂಗಳಿಗೆ ವಿನಾಯಿತಿ ಇದೆ.

ಖಡಕ್_ರೊಟ್ಟಿ

ಅಂದರೆ ಇಷ್ಟು ದಿನ ಕೇಂದ್ರಕ್ಕೆ ಟೋಪಿ ಹಾಕುತ್ತಿದ್ದರು ಅಂತಾಯಿತು! ನೀವೇ ಹೇಳಿದಿರಿ. ಅದನ್ನು ನಿಲ್ಲಿಸಿದರೆ ತಪ್ಪಾ?

ನಾರ್ತ್_ಕ್ಯಾರೊಲೈನಾ_ನರ್ಸಮ್ಮ

ಟೋಪಿ ಅನ್ನಿ, ಜುಗಾಡ್ ಅನ್ನಿ. ಒಪ್ಪುತ್ತೇನೆ, ಅಂದವಾದ ವ್ಯವಸ್ಥೆ ಅಲ್ಲ. ಆದರೆ ಆ ದುಡ್ಡಿನಲ್ಲೇ ನಮ್ಮ ಎಮರ್ಜೆನ್ಸಿ ರೂಮ್‌ನ ಲೈಟ್ ಉರಿಯುತ್ತಿದೆ. ಟೋಪಿ ಕಿತ್ತುಕೊಳ್ಳುವವರು ತಲೆಗೆ ಬೇರೆ ಏನಾದರೂ ಕೊಡಬೇಕಲ್ಲ. ಹಳ್ಳಿ ಆಸ್ಪತ್ರೆಗಳಿಗೆ ಐದು ವರ್ಷಕ್ಕೆ 50 ಬಿಲಿಯನ್ ನಿಧಿ ಇಟ್ಟಿದ್ದಾರೆ, ನಿಜ. ಮೆಡಿಕೇಡ್‌ನಿಂದ ಹೋಗುವುದು ಹತ್ತು ವರ್ಷದಲ್ಲಿ ಸುಮಾರು 900 ಬಿಲಿಯನ್. ನಮ್ಮದೇ ರಾಜ್ಯದ ವಿಶ್ವವಿದ್ಯಾಲಯದ ಶೆಪ್ಸ್ ಸೆಂಟರ್‌ನವರು ಬಿಲ್ಲು ಪಾಸಾಗುವ ಮೊದಲೇ ಅಪಾಯದಲ್ಲಿರುವ 338 ಹಳ್ಳಿ ಆಸ್ಪತ್ರೆಗಳ ಪಟ್ಟಿ ಕೊಟ್ಟಿದ್ದರು.

ಗೋಳಿಬಜೆ

ಆಸ್ಪತ್ರೆ ಮುಚ್ಚಿದರೆ ಇನ್ಶೂರೆನ್ಸ್ ಇದ್ದವನಿಗೂ ಆಸ್ಪತ್ರೆ ಇಲ್ಲ. ಹಾರ್ಟ್ ಅಟ್ಯಾಕ್ ಆದಾಗ ಟ್ಯಾಕ್ಸ್ ರಿಟರ್ನ್ ಹಿಡಿದುಕೊಂಡು 60 ಮೈಲಿ ಓಡಿಸಬೇಕು.

ಪೀಚ್‌ಟ್ರೀ_ಪುಟ್ಟ (ಅಟ್ಲಾಂಟಾ)

80 ಗಂಟೆ ಕೆಲಸದ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಜಾರ್ಜಿಯಾದಲ್ಲಿ ಇದು 2023ರ ಜುಲೈಯಿಂದಲೇ ಇದೆ, ಪಾಥ್‌ವೇಸ್ ಅಂತ ಹೆಸರು. ಮೊದಲ ವರ್ಷದಲ್ಲಿ ಸೇರಿದವರು ಸುಮಾರು 4 ಸಾವಿರ ಜನ, ಇಡೀ ರಾಜ್ಯದಲ್ಲಿ! ಕಂಪ್ಯೂಟರ್, ಕನ್ಸಲ್ಟೆಂಟ್, ಫಾರಂ ಅಂತ ಆಡಳಿತಕ್ಕೆ ಸುರಿದ ದುಡ್ಡು ಚಿಕಿತ್ಸೆಗೆ ಕೊಟ್ಟದ್ದರ ಎರಡು ಪಟ್ಟು. ಮೂಗಿಗಿಂತ ಮೂಗುತಿ ಭಾರ.

ಅರ್ಕಾನ್ಸಾದ ಕಥೆ ಇದಕ್ಕಿಂತ ಚೆನ್ನಾಗಿದೆ. 2018ರಲ್ಲಿ ಅಲ್ಲಿ ಶುರು ಮಾಡಿದರು. ಕೆಲಸ ಮಾಡಿದ ಗಂಟೆಗಳನ್ನು ವೆಬ್‌ಸೈಟ್‌ನಲ್ಲೇ ತುಂಬಬೇಕು. ಆ ವೆಬ್‌ಸೈಟ್ ರಾತ್ರಿ 9ಕ್ಕೆ ಬಾಗಿಲು ಹಾಕುತ್ತಿತ್ತು, ಬೆಳಿಗ್ಗೆ 7ಕ್ಕೆ ತೆರೆಯುತ್ತಿತ್ತು. ಕಿರಾಣಿ ಅಂಗಡಿ ಥರ! ಹಗಲು ದುಡಿಯುವವನು ತುಂಬುವುದು ಯಾವಾಗ? ಕೆಲವೇ ತಿಂಗಳಲ್ಲಿ 18 ಸಾವಿರಕ್ಕೂ ಹೆಚ್ಚು ಜನರ ಹೆಸರು ಹೋಯಿತು. 2019ರಲ್ಲಿ ಕೋರ್ಟು ನಿಲ್ಲಿಸಿತು.

ಖಡಕ್_ರೊಟ್ಟಿ

ವೆಬ್‌ಸೈಟ್ ಕೆಟ್ಟದ್ದು ಅಂದರೆ ವೆಬ್‌ಸೈಟ್ ಸರಿ ಮಾಡಿ. ನಿಯಮವೇ ತಪ್ಪು ಅನ್ನುವುದು ಯಾಕೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಪೀಚ್‌ಟ್ರೀ_ಪುಟ್ಟ

ಆ ಗಾದೆ ನಾನು ಹೇಳಬೇಕಿತ್ತು, ನೀವು ಕದ್ದುಬಿಟ್ಟಿರಿ. ಜ್ವರ ಸರ್ಕಾರದ ಸಾಲಕ್ಕೆ. ಬರೆ ಬಿದ್ದದ್ದು ರೋಗಿಗೆ.

ಉಳಿತಾಯ ಬರುವುದೇ ಹೆಸರು ಹೋಗುವುದರಿಂದ ಅಣ್ಣಾ. ಎಲ್ಲರೂ ಸರಿಯಾಗಿ ಫಾರಂ ತುಂಬಿ ಉಳಿದುಕೊಂಡರೆ ಸರ್ಕಾರಕ್ಕೆ ಏನು ಉಳಿಯುತ್ತೆ? ಅಮೆರಿಕದ ಸಂಸತ್ತಿಗೆ ಲೆಕ್ಕ ಹಾಕಿಕೊಡುವ ಕಾಂಗ್ರೆಷನಲ್ ಬಜೆಟ್ ಆಫೀಸಿನವರು ಆ ಹೆಸರುಗಳನ್ನು ಮೊದಲೇ ಲೆಕ್ಕಕ್ಕೆ ಹಿಡಿದಿದ್ದಾರೆ. ಇಡೀ ಬಿಲ್ಲಿನಿಂದ 2034ಕ್ಕೆ ಇನ್ಶೂರೆನ್ಸ್ ಇಲ್ಲದವರು ಸುಮಾರು 1 ಕೋಟಿ ಜಾಸ್ತಿ ಆಗುತ್ತಾರೆ ಅಂತ ಅವರೇ ಹೇಳಿದ್ದು.

ಲೆಕ್ಕದ_ಮೇಷ್ಟ್ರು

ಅದೇ ಆಫೀಸಿನ ಇನ್ನೆರಡು ಅಂಕಿ ಸೇರಿಸುತ್ತೇನೆ. ಬಿಲ್ಲಿನಿಂದ ಹತ್ತು ವರ್ಷದಲ್ಲಿ ಕೊರತೆ 3.4 ಟ್ರಿಲಿಯನ್ ಏರುತ್ತೆ. ಅಂದರೆ ಇಷ್ಟೆಲ್ಲ ಮೆಡಿಕೇಡ್ ಕಡಿದರೂ ಟ್ಯಾಕ್ಸ್ ಕಡಿತದ ಖರ್ಚು ತುಂಬಿಲ್ಲ. ಉಳಿದದ್ದು ಸಾಲ. ಯಾರಿಗೆ ಎಷ್ಟು ಅಂತಲೂ ಹೇಳಿದ್ದಾರೆ. ತೀರಾ ಕೆಳಗಿನ ಹತ್ತನೇ ಒಂದು ಪಾಲು ಮನೆಗಳಿಗೆ ವರ್ಷಕ್ಕೆ ಸರಾಸರಿ 1,200 ಡಾಲರ್ ನಷ್ಟ, ಮೇಲಿನ ಹತ್ತನೇ ಒಂದು ಪಾಲಿಗೆ 13,600 ಲಾಭ.

ಖಡಕ್ ಅಣ್ಣ ನನ್ನ ಮೇಲೆ ಏರಿ ಬರುವ ಮೊದಲೇ ಹೇಳಿಬಿಡುತ್ತೇನೆ, ಟಿಪ್ಸ್ ಮತ್ತು ಓವರ್‌ಟೈಮ್ ಮೇಲಿನ ವಿನಾಯಿತಿ ದುಡಿಯುವವರಿಗೂ ಸಿಕ್ಕಿದೆ. ನನ್ನ ಗಿರಾಕಿಗಳಲ್ಲಿ ಇಬ್ಬರು ವೇಟರ್‌ಗಳು ಬಹಳ ಖುಷಿಯಲ್ಲಿದ್ದಾರೆ.

ಖಡಕ್_ರೊಟ್ಟಿ

ಥ್ಯಾಂಕ್ಸ್ ಮೇಷ್ಟ್ರೇ. ಸಾಲದ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ಕಡಿಯುವುದಾದರೆ ಸರಿಯಾಗಿ ಕಡಿಯಬೇಕಿತ್ತು, ಇವರು ಅದನ್ನೂ ಮಾಡಲಿಲ್ಲ. ರ‍್ಯಾಂಡ್ ಪಾಲ್ ಅನ್ನುವ ರಿಪಬ್ಲಿಕನ್ ಸೆನೆಟರ್ ಅದಕ್ಕೇ ವಿರುದ್ಧ ಮತ ಹಾಕಿದ್ದು. ಸೆನೆಟ್‌ನಲ್ಲಿ 50-50 ಆಗಿ ಉಪಾಧ್ಯಕ್ಷ ವಾನ್ಸ್ ಬಂದು ಓಟು ಹಾಕಬೇಕಾಯಿತು.

ಡಲ್ಲಾಸ್_ದತ್ತ

ಈ ಬಿಲ್ಲಿನಲ್ಲೇ ಅಲ್ವಾ ಊರಿಗೆ ದುಡ್ಡು ಕಳಿಸಿದರೆ 5% ಟ್ಯಾಕ್ಸ್ ಅಂತ ಇರುವುದು? ಅಣ್ಣನ ಮನೆ ಗೃಹಪ್ರವೇಶಕ್ಕೆ ಕಳಿಸಬೇಕು.

ಬೇ_ಏರಿಯಾ_ಭಟ್ರು

ಹಳೇ ವಾಟ್ಸಾಪ್ ಫಾರ್ವರ್ಡ್ ಅದು. ಮೊದಲ ಕರಡಿನಲ್ಲಿ 5% ಇತ್ತು, ಹೌಸ್‌ನಲ್ಲಿ 3.5 ಆಯಿತು, ಕೊನೆಗೆ 1%. ಅದೂ ನಗದು, ಮನಿ ಆರ್ಡರ್, ಕ್ಯಾಷಿಯರ್ಸ್ ಚೆಕ್ ಕೊಟ್ಟು ಕಳಿಸಿದರೆ ಮಾತ್ರ. ಬ್ಯಾಂಕ್ ಅಕೌಂಟ್‌ನಿಂದ ಕಳಿಸಿದರೆ ಏನೂ ಇಲ್ಲ. ನೆಮ್ಮದಿಯಾಗಿ ಕಳಿಸಿ.

ಡಲ್ಲಾಸ್_ದತ್ತ

ಛೇ, ಅಣ್ಣನಿಗೆ ಹೇಳಲು ಒಳ್ಳೆ ನೆಪ ಸಿಕ್ಕಿತ್ತು.

ಕ್ರಾಯ್ಡನ್_ಕಡಲೆಕಾಯಿ

ಇಂಗ್ಲೆಂಡಿನಿಂದ ಒಂದು ಮಾತು. ಇಲ್ಲೂ ಇದೇ ನಾಟಕ ಆಗಿದೆ. 2022ರ ಏಪ್ರಿಲ್‌ನಲ್ಲಿ ಎನ್‌ಎಚ್‌ಎಸ್ (ಸರ್ಕಾರಿ ಆಸ್ಪತ್ರೆ ವ್ಯವಸ್ಥೆ) ಮತ್ತು ವೃದ್ಧರ ಆರೈಕೆಗೆ ಅಂತ ನ್ಯಾಷನಲ್ ಇನ್ಶೂರೆನ್ಸ್ (ಸಂಬಳದಲ್ಲಿ ಹಿಡಿಯುವ ತೆರಿಗೆ) 1.25 ಪಾಯಿಂಟ್ ಏರಿಸಿದರು. ಅದೇ ನವೆಂಬರ್‌ನಲ್ಲಿ ವಾಪಸ್ ತೆಗೆದರು. ಮತ್ತೆ 2024ರಲ್ಲಿ ನೌಕರರ ಪಾಲನ್ನು 12ರಿಂದ 10ಕ್ಕೆ, ಆಮೇಲೆ 8ಕ್ಕೆ ಇಳಿಸಿದರು. ಆಗ ಆಸ್ಪತ್ರೆಯ ಕಾಯುವ ಪಟ್ಟಿಯಲ್ಲಿ ಸುಮಾರು 75 ಲಕ್ಷ ಚಿಕಿತ್ಸೆ ಬಾಕಿ. ನನಗೆ ತಿಂಗಳಿಗೆ ನೂರು ಪೌಂಡ್‌ನ ಹತ್ತಿರ ಉಳಿಯಿತು. ಮಂಡಿ ಆಪರೇಷನ್‌ಗೆ 14 ತಿಂಗಳು ಕಾದೆ. ಉಳಿದ ದುಡ್ಡೆಲ್ಲ ಫಿಸಿಯೋಗೆ ಹೋಯಿತು.

ಇನ್ನೊಂದು ವಿಷಯ. ವೀಸಾದ ಮೇಲೆ ಬರುವ ನಮ್ಮವರು ಟ್ಯಾಕ್ಸ್ ಕಟ್ಟಿದ ಮೇಲೂ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್‌ಚಾರ್ಜ್ ಕಟ್ಟಬೇಕು. ಎರಡು ಸಲ ಕಟ್ಟುವವರು ನಾವು, ಪುಕ್ಕಟೆ ತಿನ್ನುವವರು ಅಂತ ಬೈಸಿಕೊಳ್ಳುವವರೂ ನಾವೇ.

ಜಯನಗರ_4ನೇ_ಬ್ಲಾಕ್

ನೀವೆಲ್ಲ ಹೊರಗಿದ್ದು ಇಷ್ಟು ಅಳುತ್ತೀರಿ, ಇಲ್ಲಿ ನೋಡಿ. 2025ರ ಬಜೆಟ್‌ನಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಅಂದರು. ಸರ್ಕಾರ ಬಿಟ್ಟುಕೊಟ್ಟದ್ದು ಸುಮಾರು 1 ಲಕ್ಷ ಕೋಟಿ ರೂಪಾಯಿ. ಅದೇ ಬಜೆಟ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯಕ್ಕೆ ಇಟ್ಟದ್ದು 99,858 ಕೋಟಿ. ಒಂದಕ್ಕೊಂದು ಸರಿಸಮ! ನನಗೂ ತೆರಿಗೆ ಉಳಿಯಿತು, ಸುಳ್ಳು ಹೇಳುವುದಿಲ್ಲ. ಆ ವರ್ಷ ಅಪ್ಪನ ಸ್ಟೆಂಟ್‌ಗೆ ಅದರ ನಾಲ್ಕು ಪಟ್ಟು ಹೋಯಿತು.

ಲೆಕ್ಕದ_ಮೇಷ್ಟ್ರು

ಹೋಲಿಕೆ ಚೆನ್ನಾಗಿದೆ, ಆದರೆ ಸ್ವಲ್ಪ ನಿಲ್ಲಿ. ಅಲ್ಲಿ ಆರೋಗ್ಯದ ದುಡ್ಡು ಕಡಿದು ತೆರಿಗೆ ಇಳಿಸಲಿಲ್ಲ. ಆರೋಗ್ಯ ಬಜೆಟ್ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಇತ್ತು. ಜೊತೆಗೆ ಆಸ್ಪತ್ರೆ ನಡೆಸುವುದು ರಾಜ್ಯದ ಕೆಲಸ, ಹೆಚ್ಚಿನ ಖರ್ಚು ಅಲ್ಲೇ.

ಜಯನಗರ_4ನೇ_ಬ್ಲಾಕ್

ಕಡಿಯಲು ಇರಬೇಕಲ್ಲ ಮೇಷ್ಟ್ರೇ. 2017ರ ಆರೋಗ್ಯ ನೀತಿಯಲ್ಲಿ 2025ಕ್ಕೆ ಸರ್ಕಾರದ ಖರ್ಚು ಜಿಡಿಪಿಯ 2.5% ಆಗಬೇಕು ಅಂತ ಬರೆದಿದ್ದರು. ಆಗಲಿಲ್ಲ. 4% ಹೆಲ್ತ್ ಮತ್ತು ಎಜುಕೇಷನ್ ಸೆಸ್ ಮಾತ್ರ ತಪ್ಪದೆ ಹಿಡಿಯುತ್ತಾರೆ. ಸೆಸ್ ಆದ್ದರಿಂದ ಅದರಲ್ಲಿ ರಾಜ್ಯಗಳಿಗೆ ಪಾಲೂ ಇಲ್ಲ.

ಗೋಳಿಬಜೆ

ಆದರೂ ನಾನು ಹಲ್ಲಿಗೆ ಊರಿಗೇ ಹೋಗುವುದು. ಇಲ್ಲಿ ಒಂದು ರೂಟ್ ಕೆನಾಲ್‌ಗೆ ಹೇಳಿದ ದುಡ್ಡಿನಲ್ಲಿ ಟಿಕೆಟ್ ತೆಗೆದು, ಹಲ್ಲು ಮಾಡಿಸಿ, ಎರಡು ದಿನ ಉಡುಪಿಯಲ್ಲಿ ಮೀನೂಟ ಮಾಡಿ ಬಂದೆ.

ಡಲ್ಲಾಸ್_ದತ್ತ

ಯಾವ ಹೋಟೆಲ್?

ಗೋಳಿಬಜೆ

ಮಲ್ಪೆ ಕಡೆ ಒಂದು ಮನೆಯ ಥರದ್ದು, ಬೋರ್ಡೇ ಇಲ್ಲ. ಅಂಜಲ್ ತವಾ ಫ್ರೈ. ಹಲ್ಲು ಮಾಡಿಸಿದ ಮರುದಿನವೇ ತಿಂದೆ, ಡೆಂಟಿಸ್ಟ್‌ಗೆ ಹೇಳಬೇಡಿ.

ನಿರ್ವಾಹಕರು

ಮೀನಿಗೆ ಬೇರೆ ಎಳೆ ಇದೆ, ಅಲ್ಲಿ ಬರೆಯಿರಿ. ವಿಷಯಕ್ಕೆ ಬನ್ನಿ ದಯವಿಟ್ಟು.

ಪೀಚ್‌ಟ್ರೀ_ಪುಟ್ಟ

ವಿಷಯಕ್ಕೆ ಬಂದೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ಯಾರೂ ನೋಡುತ್ತಿಲ್ಲ. ಟ್ಯಾಕ್ಸ್ ಕಡಿತ 2025ರ ಆದಾಯಕ್ಕೇ ಸಿಕ್ಕಿತು. 80 ಗಂಟೆಯ ನಿಯಮವನ್ನು ರಾಜ್ಯಗಳು ಜಾರಿಗೆ ತರಲು ಗಡುವು 2027ರ ಜನವರಿ 1, ಅಂದರೆ 2026ರ ನವೆಂಬರ್ ಚುನಾವಣೆ ಮುಗಿದ ಮೇಲೆ. ಪ್ರೊವೈಡರ್ ಟ್ಯಾಕ್ಸ್ 2028ಕ್ಕೆ. ಮದುವೆ ಊಟ ಮೊದಲು, ಛತ್ರದ ಬಾಡಿಗೆ ಆಮೇಲೆ. ಓಟು ಇಲ್ಲದ ತಿಪಟೂರು ಅಕ್ಕನ ಅಮ್ಮನಂಥವರಿಗೆ ಮಾತ್ರ 2026ರ ಜನವರಿಯಿಂದಲೇ ಕತ್ತರಿ.

ಬೇ_ಏರಿಯಾ_ಭಟ್ರು

ಇದು ಯಾರಿಗೂ ಹೊಳೆದಿರಲಿಲ್ಲ. ಗ್ರೀನ್ ಕಾರ್ಡ್ ಇಲ್ಲದವರಿಗೂ ಸರದಿ ಬರುತ್ತಿದೆ. ಎಚ್-1ಬಿ ಇರುವವರಿಗೆ 2027ರಿಂದ ಮಾರ್ಕೆಟ್‌ಪ್ಲೇಸ್ ಸಬ್ಸಿಡಿ ಇಲ್ಲ. ಕೆಲಸ ಹೋಗಿ ಮಧ್ಯದಲ್ಲಿ ಸಿಕ್ಕಿಬಿದ್ದವರಿಗೆ ಅದು ಬೇಕಾಗುತ್ತಿತ್ತು.

ಡಲ್ಲಾಸ್_ದತ್ತ

ನಮ್ಮ ಆಫೀಸಿನ ಅಮೆರಿಕನ್ ಒಬ್ಬನಿಗೂ ಪ್ರೀಮಿಯಂ ಎರಡು ಪಟ್ಟಾಯಿತಂತೆ, ಹೆಂಡತಿ ಸ್ವಂತ ಬಿಸಿನೆಸ್. ಅವನೇನು ಇಮಿಗ್ರೆಂಟ್ ಅಲ್ಲವಲ್ಲ?

ಲೆಕ್ಕದ_ಮೇಷ್ಟ್ರು

ಅದು ಬೇರೆ ವಿಷಯ, ಎರಡನ್ನೂ ಕಲಸಬೇಡಿ. 2021ರಲ್ಲಿ ಕೋವಿಡ್ ಹೊತ್ತಿಗೆ ಎಲ್ಲರಿಗೂ ಸಬ್ಸಿಡಿ ಹೆಚ್ಚಿಸಿದ್ದರು, 2022ರಲ್ಲಿ ಮುಂದುವರಿಸಿದರು. ಆ ಹೆಚ್ಚುವರಿ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದನ್ನು ಮುಂದುವರಿಸಬೇಕು ಅನ್ನುವ ಜಗಳಕ್ಕೇ 2025ರ ಅಕ್ಟೋಬರ್‌ನಿಂದ ನವೆಂಬರ್ 12ರವರೆಗೆ 43 ದಿನ ಸರ್ಕಾರ ಬಂದ್ ಆಗಿದ್ದು. ತಿಪಟೂರು ಮೇಡಂ ಅವರ ಅಮ್ಮನದು ಹಾಗಲ್ಲ. ಐದು ವರ್ಷ ತುಂಬದ, ಬಡತನದ ರೇಖೆಗಿಂತ ಕೆಳಗೆ ಆದಾಯ ಇರುವ ಕಾನೂನುಬದ್ಧ ವಲಸಿಗರಿಗೆ ಇದ್ದ ವಿಶೇಷ ಅವಕಾಶವನ್ನೇ ಜುಲೈ ಬಿಲ್ಲು ತೆಗೆದುಹಾಕಿತು. 2025ರ ರೇಖೆ ಒಬ್ಬರಿಗೆ 15,650 ಡಾಲರ್.

ಜಯನಗರ_4ನೇ_ಬ್ಲಾಕ್

ಆದಾಯ ರೇಖೆಗಿಂತ ಮೇಲೆ ಇದ್ದರೆ ಸಬ್ಸಿಡಿ, ಕೆಳಗೆ ಇದ್ದರೆ ಇಲ್ಲ. ಇದು ಯಾವ ಊರಿನ ನ್ಯಾಯ?

ಲೆಕ್ಕದ_ಮೇಷ್ಟ್ರು

ಕೆಳಗಿನವರಿಗೆ ಮೆಡಿಕೇಡ್ ಸಿಗುತ್ತೆ ಅನ್ನುವ ಲೆಕ್ಕದಲ್ಲಿ ಮೂಲ ಕಾನೂನು ಬರೆದದ್ದು. ಐದು ವರ್ಷ ಆಗದವರಿಗೆ ಅದೂ ಸಿಗುವುದಿಲ್ಲ, ಅದಕ್ಕೇ ಆ ವಿಶೇಷ ಅವಕಾಶ ಇಟ್ಟಿದ್ದರು. ಈಗ ಏಣಿಯ ಮಧ್ಯದ ಮೆಟ್ಟಿಲು ಕಿತ್ತ ಹಾಗೆ.

ಕ್ರಾಯ್ಡನ್_ಕಡಲೆಕಾಯಿ

ಕ್ಯಾನ್ಸಸ್ ರಾಜ್ಯದ ಕಥೆ ಗೊತ್ತಿದೆಯಾ ಯಾರಿಗಾದರೂ? ನನ್ನ ತಮ್ಮ ಅಲ್ಲಿದ್ದ. 2012ರಲ್ಲಿ ಬ್ರೌನ್‌ಬ್ಯಾಕ್ ಅನ್ನುವ ಗವರ್ನರ್ ಆದಾಯ ತೆರಿಗೆ ಇಳಿಸಿದ, ವ್ಯಾಪಾರ ಚಿಗುರುತ್ತೆ ಅಂತ. ಖಜಾನೆ ಖಾಲಿ ಆಯಿತು. 2016ರಲ್ಲಿ ಮೆಡಿಕೇಡ್ ಡಾಕ್ಟರುಗಳಿಗೆ ಕೊಡುವ ದುಡ್ಡಿನಲ್ಲಿ 4% ಕತ್ತರಿ. ಕೊನೆಗೆ 2017ರಲ್ಲಿ ಅವನ ಪಕ್ಷದವರೇ ವಿರೋಧಿಗಳ ಜೊತೆ ಸೇರಿ, ಅವನ ವೀಟೋ ಮೀರಿ, ತೆರಿಗೆ ಮತ್ತೆ ಏರಿಸಿದರು.

ಖಡಕ್_ರೊಟ್ಟಿ

ಒಂದು ರಾಜ್ಯದ ಉದಾಹರಣೆ ಹಿಡಿದು ದೇಶಕ್ಕೆ ಹೇಳಬೇಡಿ. ಟೆಕ್ಸಸ್‌ನಲ್ಲಿ ಸ್ಟೇಟ್ ಆದಾಯ ತೆರಿಗೆಯೇ ಇಲ್ಲ. ಮೆಡಿಕೇಡ್ ವಿಸ್ತರಣೆಯೂ ಇಲ್ಲ. ಜನ ಇಲ್ಲಿಗೇ ಬಂದು ತುಂಬಿಕೊಳ್ಳುತ್ತಿದ್ದಾರೆ.

ಡಲ್ಲಾಸ್_ದತ್ತ

ಟೆಕ್ಸಸ್‌ನವನೇ ನಾನು. ಇನ್ಶೂರೆನ್ಸ್ ಇಲ್ಲದವರ ಪಾಲು ದೇಶದಲ್ಲೇ ಅತಿ ಹೆಚ್ಚು ಇರುವುದೂ ಇಲ್ಲೇ ಅಣ್ಣ. ಪ್ರಾಪರ್ಟಿ ಟ್ಯಾಕ್ಸ್ ನೋಡಿದಾಗ ನನಗೂ ಬಿಪಿ ಬರುತ್ತೆ.

ನಾರ್ತ್_ಕ್ಯಾರೊಲೈನಾ_ನರ್ಸಮ್ಮ

ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ವಾಪಸ್ ಕಳಿಸುವಂತಿಲ್ಲ, 1986ರಿಂದ ಕಾನೂನಿದೆ. ಮೊದಲೇ ಬಂದಿದ್ದರೆ ಮಾತ್ರೆಯಲ್ಲಿ ಮುಗಿಯುತ್ತಿದ್ದ ಕಾಯಿಲೆ ಐಸಿಯುಗೆ ಬರುತ್ತೆ. ಆ ಖರ್ಚನ್ನು ಇನ್ಶೂರೆನ್ಸ್ ಇರುವವರ ಮೇಲೆ ಹಾಕುತ್ತಾರೆ, ಇಲ್ಲ ಆಸ್ಪತ್ರೆ ನುಂಗಿಕೊಳ್ಳುತ್ತೆ. ಖಡಕ್ ಅವರೇ, ನಿಮ್ಮ ಪ್ಲಂಬರ್ ಆಗಲೂ ಕಟ್ಟುತ್ತಾನೆ. ರಸೀದಿಯ ಬಣ್ಣ ಬೇರೆ.

ಖಡಕ್_ರೊಟ್ಟಿ

ಇದಕ್ಕೆ ನಾಳೆ ಉತ್ತರ ಕೊಡುತ್ತೇನೆ. ಈಗ ಡ್ಯೂಟಿ ಇದೆ.

ಗೋಳಿಬಜೆ

ಹೋದರು. ಡ್ಯೂಟಿಯೋ, ಗೂಗಲ್ಲೋ.

ನಾರ್ತ್_ಕ್ಯಾರೊಲೈನಾ_ನರ್ಸಮ್ಮ

ತಿಪಟೂರು ಅಕ್ಕ, ಇಷ್ಟೆಲ್ಲ ಜಗಳದಲ್ಲಿ ನಿಮ್ಮ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ. ಹತ್ತಿರದ ಕಮ್ಯುನಿಟಿ ಹೆಲ್ತ್ ಸೆಂಟರ್ ಹುಡುಕಿ. ಆದಾಯ ನೋಡಿ ಫೀಸು ಇಳಿಸುತ್ತಾರೆ. ಆದರೆ ಮನೆಯ ಆದಾಯ ಕೇಳುತ್ತಾರೆ, ಸುಳ್ಳು ಹೇಳಬೇಡಿ. ಶುಗರ್‌ಗೆ ಮೆಟ್‌ಫಾರ್ಮಿನ್ ಆದರೆ ವಾಲ್‌ಮಾರ್ಟ್‌ನ 4 ಡಾಲರ್ ಪಟ್ಟಿಯಲ್ಲಿದೆ. ಇನ್ಶೂರೆನ್ಸ್ ಪೂರ್ತಿ ಬಿಡಬೇಡಿ. ಕಡಿಮೆ ಪ್ರೀಮಿಯಂನ ಬ್ರಾಂಜ್ ಪ್ಲಾನ್ ಆದರೂ ಇರಲಿ. 67ಕ್ಕೆ ಬಿದ್ದು ಸೊಂಟದ ಮೂಳೆ ಮುರಿದರೆ ಮನೆ ಮಾರಬೇಕಾಗುತ್ತೆ. ವಿಸಿಟರ್ ಇನ್ಶೂರೆನ್ಸ್ ಥರದ್ದನ್ನು ನಂಬಬೇಡಿ, ಮೊದಲೇ ಇದ್ದ ಕಾಯಿಲೆ ಅಂತ ಕೈ ಎತ್ತುತ್ತಾರೆ.

ಬೇ_ಏರಿಯಾ_ಭಟ್ರು

ಐದು ವರ್ಷ ತುಂಬಿದ ಮೇಲೆ ಮೆಡಿಕೇರ್ ಕೊಂಡುಕೊಳ್ಳಬಹುದು, ಗ್ರೀನ್ ಕಾರ್ಡ್ ಇರುವವರಿಗೆ ಅದು ಹೋಗಿಲ್ಲ. ಪುಕ್ಕಟೆ ಅಲ್ಲ. 2025ರಲ್ಲಿ ಪಾರ್ಟ್ ಎ (ಆಸ್ಪತ್ರೆಗೆ) 518, ಪಾರ್ಟ್ ಬಿ (ಡಾಕ್ಟರಿಗೆ) 185 ಡಾಲರ್ ಇತ್ತು ತಿಂಗಳಿಗೆ. ಅಮ್ಮ ಊರಿಗೆ ಹೋಗಿ ಬಹಳ ದಿನ ಕೂತರೆ ಆ ಐದು ವರ್ಷದ ಲೆಕ್ಕವೇ ಕೆಡಬಹುದು. ಗ್ರೀನ್ ಕಾರ್ಡಿಗೂ ತೊಂದರೆ. ಆರು ತಿಂಗಳು ದಾಟಿಸಬೇಡಿ.

ತಿಪಟೂರು_ತೆಂಗು

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಕೂತು ಮಾತಾಡಿದೆವು. ಬ್ರಾಂಜ್ ಪ್ಲಾನ್ ತೆಗೆದುಕೊಂಡೆವು, ತಿಂಗಳಿಗೆ 830. ಡಿಡಕ್ಟಿಬಲ್ (ಮೊದಲು ನಮ್ಮ ಕೈಯಿಂದ ಹಾಕಬೇಕಾದ ದುಡ್ಡು) ಎಷ್ಟು ಅಂತ ಕೇಳಬೇಡಿ. ಯಜಮಾನರೇ "ಆ 2,400 ಇದಕ್ಕೇ ಇಡೋಣ" ಅಂದರು. ಮೂರು ತಿಂಗಳಿಗೂ ಸಾಲದು ಅಂತ ನಾನು ಬಾಯಿ ಬಿಡಲಿಲ್ಲ. ಅಮ್ಮನಿಗೆ 300 ಅಂತ ಸುಳ್ಳು ಹೇಳಿದ್ದೇವೆ. ಅದಕ್ಕೇ ಅವರು "ಅಯ್ಯೋ, ಅಷ್ಟಾ! ತಿಪಟೂರಿನಲ್ಲಿ ಡಾಕ್ಟರು ಇಡೀ ವರ್ಷಕ್ಕೆ ಅಷ್ಟು ತಗೊಳ್ಳಲ್ಲ" ಅಂತ ತಲೆ ಚಚ್ಚಿಕೊಂಡರು.

ಗ್ರೋಸರಿ ಅಂಗಡಿಯ ಗೆಳತಿ ಅತ್ತೆಯನ್ನು ವಾಪಸ್ ಕಳಿಸುತ್ತಿದ್ದಾಳೆ. ಮಾರ್ಚ್‌ಗೆ ಟಿಕೆಟ್ ಆಗಿದೆ.

ಒಂದು ಸಹಾಯ. ಮುಂದಿನ ಎರಡು ವಾರದಲ್ಲಿ ಬೆಂಗಳೂರಿನಿಂದ ನೆವಾರ್ಕ್ ಅಥವಾ ಜೆಎಫ್‌ಕೆಗೆ ಬರುವವರು ಯಾರಾದರೂ ಇದ್ದೀರಾ? ಅಮ್ಮನಿಗೆ ಮೊದಲಿನಿಂದ ತೆಗೆದುಕೊಂಡ ಬಿಪಿ ಮಾತ್ರೆಯೇ ಬೇಕಂತೆ. ಮೂರು ತಿಂಗಳಿನದು, ಸಣ್ಣ ಪೊಟ್ಟಣ. ಡಾಕ್ಟರ್ ಚೀಟಿ, ಬಿಲ್ಲು ಎರಡೂ ಜೊತೆಗಿರುತ್ತೆ.

ಜಯನಗರ_4ನೇ_ಬ್ಲಾಕ್

ನಮ್ಮ ಅತ್ತಿಗೆ 19ಕ್ಕೆ ಜೆಎಫ್‌ಕೆಗೆ ಹೊರಡುತ್ತಿದ್ದಾರೆ. ಮೆಸೇಜ್ ಮಾಡಿ. ಮಾತ್ರೆ ಅಂತ ಹೇಳಿ ಹುಳಿಪುಡಿ, ಚಟ್ನಿಪುಡಿ ಎಲ್ಲ ಸೇರಿಸಬೇಡಿ, ಈಗಾಗಲೇ 22 ಕೆಜಿ ಆಗಿದೆ.

ತಿಪಟೂರು_ತೆಂಗು

ಒಂದೇ ಒಂದು ಕೊಬ್ಬರಿ ಮಿಠಾಯಿ ಡಬ್ಬಿ?

ಜಯನಗರ_4ನೇ_ಬ್ಲಾಕ್

ಶುಗರ್ ಇದೆ ಅಂದಿರಲ್ಲ!